ಮಸಿ ಹಿಡಿದ ಕಪಾಟು

ಅಕ್ಟೋಬರ್ 6

ರೀ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ನಿಮ್ಮ ಅಮ್ಮ ಗುಂಡುಕಲ್ಲಿನ ಹಾಗಿದ್ದಾರೆ. ನಾನೂ ಇದ್ದೇನೆ. ಅಡಿಗೆಮನೆ ಮಾತ್ರ ಇಲ್ಲ ಅನ್ನಬೇಕು.

ನಿನ್ನೆ ಸಂಜೆ ಒಲೆ ಮೇಲಿದ್ದ ಎಣ್ಣೆ ಬಾಣಲೆಗೆ ಬೆಂಕಿ ಹತ್ತಿಕೊಂಡಿತು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದೆ. ಸುಟ್ಟ ವಾಸನೆ ಬಂದು ಓಡಿದರೆ ಉರಿ ಆಗಲೇ ಮೇಲಿನ ಕಪಾಟಿನ ತನಕ ಎದ್ದಿತ್ತು. ಒಂದು ಚೊಂಬು ನೀರು ಎತ್ತಿ ಇನ್ನೇನು ಸುರಿಯಬೇಕು, ಅಷ್ಟರಲ್ಲಿ ನಿಮ್ಮ ಅಮ್ಮ ಹಿಂದಿನಿಂದ ಬಂದು ಚೊಂಬು ಕಿತ್ತುಕೊಂಡು ನನ್ನನ್ನು ಪಕ್ಕಕ್ಕೆ ನೂಕಿದರು. ಹೌದು, ನೂಕಿದರು. ಬಾಗಿಲ ಚೌಕಟ್ಟಿಗೆ ಬಡಿದ ಸೊಂಟ ಇನ್ನೂ ನೋಯುತ್ತಿದೆ. ಆಮೇಲೆ ಗ್ಯಾಸ್ ಆರಿಸಿ, ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಿ, ಕೈ ಒರೆಸಿಕೊಂಡು ಹೊರಟೇ ಹೋದರು. ನಿನಗೇನಾದರೂ ಆಯಿತಾ ಎಂದು ಒಂದು ಮಾತು ಕೇಳಲಿಲ್ಲ.

ನೀವು ಎರಡು ರಜೆ ಪೂರ್ತಿ ಕೂತು ಮಾಡಿದ ಕಪಾಟುಗಳನ್ನು ಈಗ ನೋಡಿದರೆ ಗುರುತು ಹಿಡಿಯಲಾರಿರಿ. ಒಲೆಯ ನೇರ ಮೇಲಿನ ಎರಡು ಬಾಗಿಲುಗಳ ಅಂಚು ಸುಟ್ಟು ಕರಿಕಲಾಗಿದೆ. ಉಳಿದದ್ದೆಲ್ಲ ಮಸಿ. ಒಳಗಿನ ಡಬ್ಬಿಗಳ ಮೇಲೆ ಮಸಿ, ಚಮಚದ ಮೇಲೆ ಮಸಿ, ಜೇಡರ ಬಲೆಗಳೂ ಕಪ್ಪಾಗಿ ಇಲ್ಲಣವಾಗಿ ತೂಗುತ್ತಿವೆ. ನಾನು ಹೊಲಿದು ಮಡಿಸಿಟ್ಟ ಶಾಲೆಯ ಯೂನಿಫಾರಂಗಳಿಗೆಲ್ಲ ಹೊಗೆ ವಾಸನೆ. ಎಲ್ಲವನ್ನೂ ಮತ್ತೆ ಒಗೆಯಬೇಕು.

ಎಣ್ಣೆ ಇಟ್ಟವರು ಯಾರು ಅಂತ ಕೇಳುತ್ತೀರಿ. ನಿಮ್ಮ ಅಮ್ಮ. ಇಟ್ಟು ಹಿಂದಿನ ಅಂಗಳಕ್ಕೆ ಹೋಗಿ ಕೂತವರೂ ಅವರೇ.

ಅವರು ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತು. ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು ಅಂತ ನನಗೂ ಗೊತ್ತು. ಆದರೆ ನಾನು ಅವರ ತರಗತಿಯ ಹುಡುಗಿ ಅಲ್ಲ. ಹೋದ ವಾರ ನಾನು ಹೊಲಿದ ಅಂಗಿಯನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ತೋಳಿನ ಅಳತೆ ಮೈಗೆ ಹೊಂದ್ತಿಲ್ಲ" ಅಂದರು. ಹನ್ನೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ಅವತ್ತೇ ಮಾತು ಬಿಟ್ಟೆ. ಅವರೂ ಬಿಟ್ಟರು. ಒಂದೇ ಮನೆಯಲ್ಲಿ ಇಬ್ಬರು ಮೂಕರ ಹಾಗೆ ಓಡಾಡುತ್ತಿದ್ದೇವೆ.

ನೀವು ಆ ದೀಪಸ್ತಂಭದ ಮೇಲೆ ಕೂತು ಊರಿನ ಹಡಗುಗಳಿಗೆಲ್ಲ ದಾರಿ ತೋರಿಸುತ್ತೀರಿ. ನನಗೆ ಇದೊಂದು ದಾರಿ ತೋರಿಸಿ. ಭಾವನಿಗೆ ಬರೆದು, ಈ ತಿಂಗಳ ಕೊನೆಗೆ ಅವರನ್ನು ಕರೆದುಕೊಂಡು ಹೋಗಲು ಹೇಳಿ. ನಾನೇ ಬರೆದರೆ ಚೆನ್ನಾಗಿರುವುದಿಲ್ಲ.

ಇಂತಿ, ಹೊಗೆ ಹಿಡಿದ ನಿಮ್ಮ ಹೆಂಡತಿ


ಅಕ್ಟೋಬರ್ 9

ನನ್ನ ಚಿನಕುರಳಿ,

ಗುರುವಾರದ ದೋಣಿಯಲ್ಲಿ ನಿನ್ನ ಕಾಗದ ಬಂತು. ದೋಣಿಯವನು ಡಬ್ಬಿ, ಚೀಲ ಇಳಿಸಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ.

ಯಾರಿಗೂ ಏನೂ ಆಗಿಲ್ಲ ಅನ್ನುವ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಬೈದಿರುವುದನ್ನೂ ಓದಿದೆ. ಆದರೆ ಒಂದು ಮಾತು ಹೇಳಲೇಬೇಕು. ಉರಿಯುವ ಎಣ್ಣೆಗೆ ನೀರು ಸುರಿದರೆ ಅದು ಆರುವುದಿಲ್ಲ ಕಣೇ, ಮುಖಕ್ಕೆ ಹಾರುತ್ತದೆ. ಕೆಲಸಕ್ಕೆ ಸೇರಿದ ದಿನವೇ ಇಲ್ಲಿ ನಮಗೆ ಕಲಿಸುವ ಪಾಠ ಅದು. ಅಮ್ಮ ನೂಕಿದ್ದು ಒಳ್ಳೆಯದೇ ಆಯಿತು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ.

ಹಾಗಂತ ನಿನ್ನ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಅಡಕತ್ತರಿಯ ನಡುವೆ ಸಿಕ್ಕ ಅಡಿಕೆ ನಾನು. ಅಮ್ಮನಿಗೂ ವಯಸ್ಸಾಯಿತು, ಒಲೆ ಮೇಲೆ ಇಟ್ಟದ್ದು ಮರೆಯುವಷ್ಟು ಆಗಿದ್ದರೆ ಇನ್ನು ನಿನ್ನೊಬ್ಬಳ ಮೇಲೆ ಬಿಡುವುದು ಸರಿಯಲ್ಲ. ಅಣ್ಣನಿಗೂ ಇದೇ ಚೀಲದಲ್ಲಿ ಕಾಗದ ಹಾಕಿದ್ದೇನೆ. ಮೂವತ್ತನೇ ತಾರೀಕು ಕಾರು ತಂದು ಅಮ್ಮನನ್ನು ಕರೆದುಕೊಂಡು ಹೋಗಲಿ. ನೀನು ಅಮ್ಮನ ಹತ್ತಿರ ಏನೂ ಬಾಯಿ ಬಿಡಬೇಡ. ಅಣ್ಣ ಬಂದು ತನ್ನ ಮನೆಗೆ ಕರೆದ ಹಾಗೆ ಕರೆದರೆ ಅವಳಿಗೂ ನೋವಾಗುವುದಿಲ್ಲ.

ಕಪಾಟು ಹೋದರೆ ಹೋಗಲಿ. ಮುಂದಿನ ರಜೆಯಲ್ಲಿ ಹೊಸದು ಮಾಡಿದರಾಯಿತು. ಅಲ್ಲಿಯತನಕ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿಬಿಡು.

ದೋಣಿಯವನು ಕೂಗುತ್ತಿದ್ದಾನೆ.

ನಿನ್ನ ಅಡಿಕೆ


ಅಕ್ಟೋಬರ್ 12

ರೀ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ಇದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದು ಹೋಗುತ್ತದೆ.

ಶುಕ್ರವಾರ ಪಕ್ಕದ ಬೀದಿಯ ಬಡಗಿಯನ್ನು ಕರೆಸಿದೆ. ಅವನು ಒಂದು ಬಾಗಿಲು ತೆಗೆದು ನೋಡಿ, ಬೆರಳಿನಿಂದ ಮಸಿ ಒರೆಸಿ ನೋಡಿ, ಕಿತ್ತು ಬಿಸಾಕಿ ಹೊಸದು ಮಾಡಿಸಿಕೊಳ್ಳಿ ಅಂದ. ಉರಿಯೋ ಮನೇಲಿ ಗಳ ಹಿರಿಯೋ ಜಾತಿ. ನಿಮ್ಮ ಅಮ್ಮ ಅಂಗಳದ ಬಾಗಿಲಲ್ಲಿ ನಿಂತಿದ್ದರು. "ಅದು ನನ್ನ ಮಗ ಮಾಡಿದ್ದು. ಬಿಸಾಕೋಕೆ ಹೇಳೋರು ನೀವ್ಯಾರು?" ಅಂದರು. ಅವನು ಚೀಲ ಎತ್ತಿಕೊಂಡು ಹೋದ.

ನಿಮ್ಮ ಅಮ್ಮನೂ ಅಂಗಳಕ್ಕೆ ವಾಪಸಾದ ಮೇಲೆ, ನೋಡೋಣ ಅಂತ ನಾನೇ ಬಕೆಟ್ಟಿನಲ್ಲಿ ನೀರು, ಬಟ್ಟೆ ಹಿಡಿದು ಹೋದೆ. ಒಂದು ಬಾಗಿಲು ಒರೆಸಿದೆ. ಏನಾಯಿತು ಗೊತ್ತೇ? ಮೇಲೆ ಪುಡಿಯಾಗಿದ್ದ ಮಸಿ ನೀರು ಕುಡಿದು ಕೆಸರಾಗಿ ಮರದ ಎಳೆಯೊಳಗೆ ಇಳಿದುಬಿಟ್ಟಿತು. ಉಜ್ಜಿದಷ್ಟೂ ಕಪ್ಪು. ಆಗ ಹಿಂದಿನಿಂದ ಒಂದು ಮಾತು ಬಂತು. "ನಿಲ್ಸು." ಇಷ್ಟು ದಿನಗಳಲ್ಲಿ ನನ್ನ ಜೊತೆ ಅವರಾಡಿದ ಮೊದಲ ಮಾತು.

ಆಮೇಲೆ ಅವರು ಹಿಟ್ಟಿನ ಡಬ್ಬಿ ತೊಳೆದು ಒರೆಸಿ, ಒಂದು ಬೋಗುಣಿ ಹಿಟ್ಟಿಗೆ ಉಪ್ಪು, ಚೂರು ಎಣ್ಣೆ ಹಾಕಿ ನಾದಲು ಕೂತರು. ಮನೆಯಲ್ಲಿ ಒಲೆ ಇಲ್ಲ, ಅಂಗಳದಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ಅನ್ನ ಬೇಯಿಸುತ್ತಿದ್ದೇವೆ, ಇವರಿಗೇನು ತಲೆ ಕೆಟ್ಟಿತೇ ಅಂದುಕೊಂಡೆ. ಅವರು ಆ ಹಿಟ್ಟಿನ ಉಂಡೆಯನ್ನು ಕಪಾಟಿನ ಬಾಗಿಲಿಗೆ ಒತ್ತಿ, ಎತ್ತಿದರು. ಒತ್ತಿದ ಜಾಗದಲ್ಲಿ ಮರ ಕಾಣಿಸಿತು. ನೀವು ಹಾಕಿದ ಪಾಲಿಶ್ ಕೂಡ ಕಾಣಿಸಿತು.

"ಇದ್ದಿಲಲ್ಲಿ ಚಿತ್ರ ಬರೆಯೋವಾಗ ತಪ್ಪಾದ್ರೆ ಮಕ್ಕಳು ಏನ್ ಮಾಡ್ತಾರೆ ಗೊತ್ತಾ? ಉಜ್ಜುತ್ತಾರೆ. ಉಜ್ಜಿದ್ರೆ ಕಾಗದದೊಳಗೆ ಹೋಗುತ್ತೆ. ಒತ್ತಿದ್ರೆ ಹೊರಗೆ ಬರುತ್ತೆ" ಅಂದರು. ಮಸಿಯೂ ಇದ್ದಿಲೂ ಒಂದೇ ಕುಲವಂತೆ. ಉಂಡೆ ಕಪ್ಪಾದರೆ ಮಡಿಸಿ ನಾದಬೇಕು, ಒಳಗಿನ ಬಿಳಿ ಮೇಲೆ ಬರುತ್ತದೆ, ಮತ್ತೆ ಒತ್ತಬೇಕು. ನಾನು ನಾದುವುದು, ಅವರು ಒತ್ತುವುದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಮ್ಮದು ಕೈಯೂ ಮಸಿ, ಬಾಯಿಯೂ ಮಸಿ. ಮೂರು ದಿನದಿಂದ ಇದೇ ಕೆಲಸ. ಮೈ ಕೈ ಎಲ್ಲ ನೋವು. ಅವರು ಹೆಚ್ಚು ಮಾತಾಡುವುದಿಲ್ಲ, ಎತ್ತು, ಮಡಿಸು, ಮೆತ್ತಗೆ, ಇಷ್ಟೇ.

ಮುಗಿಸುತ್ತೇನೆ, ಹಿಟ್ಟು ಒಣಗುತ್ತಿದೆ.

ನಿಮ್ಮವಳು


ಅಕ್ಟೋಬರ್ 16

ನನ್ನ ಚಿನಕುರಳಿ,

ಪಾಪ ಅನ್ನಿಸಿತು ನಿನ್ನ ಕಾಗದ ಓದಿ. ಕೊನೆಗೂ ಅಮ್ಮ ನಿನ್ನನ್ನೂ ತನ್ನ ತರಗತಿಯಲ್ಲಿ ಕೂರಿಸಿಬಿಟ್ಟಳು. ಎತ್ತು, ಮಡಿಸು, ಮೆತ್ತಗೆ. ನನ್ನ ಬಾಲ್ಯವೆಲ್ಲ ಈ ಮೂರು ಮಾತಿನಲ್ಲೇ ಕಳೆಯಿತು. ಒಂದು ಬೇಸಿಗೆ ರಜೆ ಪೂರ್ತಿ ನನ್ನ ಕೈಯಲ್ಲಿ ಒಂದೇ ಮಡಕೆ ಬರೆಸಿದಳು. ರಜೆ ಮುಗಿದ ದಿನ ನೋಡಿ, ಈಗ ಇದು ಮಡಕೆಯ ಹಾಗೆ ಕಾಣ್ತಾ ಇದೆ ಅಂದಳು. ಅವಳ ಬಾಯಲ್ಲಿ ಶಭಾಷ್ ಅನ್ನುವ ಮಾತು ನಾನಂತೂ ಕೇಳಿಲ್ಲ. ನೀನೂ ಆಸೆ ಇಟ್ಟುಕೊಳ್ಳಬೇಡ.

ಹೆದರಬೇಡ, ಇನ್ನು ಹದಿನಾಲ್ಕು ದಿನ. ಅಣ್ಣನ ಉತ್ತರ ಇದೇ ದೋಣಿಗೆ ಬಂದಿದೆ. ಮೂವತ್ತಕ್ಕೆ ಖಂಡಿತ ಬರುತ್ತಾನಂತೆ, ಅಮ್ಮನಿಗೆ ಕೋಣೆ ಖಾಲಿ ಮಾಡಿಸಿದ್ದಾನಂತೆ. ಅಲ್ಲಿಯತನಕ ಹಲ್ಲು ಕಚ್ಚಿಕೊಂಡಿರು. ಹಿಟ್ಟಿನ ಆಟ ಸಾಕು ಅನ್ನಿಸಿದರೆ ನಾನು ಹೇಳಿದೆ ಅಂತ ಹೇಳಿ ನಿಲ್ಲಿಸು.

ಇಲ್ಲಿ ಗಾಳಿ ಜೋರಾಗಿದೆ. ನನ್ನ ಜೊತೆಗಾರ ಗೊರಕೆ ಹೊಡೆದರೆ ಗಾಜಿನ ಕೋಣೆ ಅದುರುತ್ತದೆ ಅಂತ ನಾನು ಹೇಳುತ್ತಿದ್ದೆನಲ್ಲ, ಈಗ ಗಾಳಿಯ ಮುಂದೆ ಅವನೂ ಸೋತಿದ್ದಾನೆ.

ನಿನ್ನವನು


ಅಕ್ಟೋಬರ್ 17

ರೀ,

ಒಂಬತ್ತನೇ ತಾರೀಕಿನ ನಿಮ್ಮ ಕಾಗದ ತಲುಪಿತು. ಬಿಸಿನೀರು, ಗಟ್ಟಿ ಬ್ರಷ್ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಹೇಳಿದಾಗ ನಿಮ್ಮ ಅಮ್ಮ ಏನು ಹೇಳಿದರು ಅಂತ ಬರೆಯುವುದಿಲ್ಲ. ಮಗ ಅಂತ ಬಿಟ್ಟರು.

ಎಣ್ಣೆಗೆ ನೀರು ಸುರಿಯಬಾರದು ಅನ್ನುವುದನ್ನು ಓದಿದ ಮೇಲೆ ನಿಮಗೆ ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ನಾನು ಬರೆದಾಗ ನೂಕಿದ್ದು ಮಾತ್ರ ಬರೆದೆ. ಅವರ ಮುಂಗೈ ಸುಟ್ಟಿತ್ತು ಅನ್ನುವುದನ್ನು ಬರೆಯಲಿಲ್ಲ, ಯಾಕೆಂದರೆ ಆಗ ನೋಡಿರಲೇ ಇಲ್ಲ. ನಾಲ್ಕನೇ ದಿನ ಹಿಟ್ಟು ಒತ್ತುವಾಗ ನೋಡಿದೆ. ಕೇಳಿದರೆ "ವಾಸಿಯಾಗಿದೆ, ಕೆಲಸ ನೋಡು" ಅಂದರು.

ಇನ್ನೊಂದು ವಿಷಯ. ನೀವು ಅಮ್ಮನಿಗೆ ಮರೆವು ಅಂದಿದ್ದೀರಿ. ಅವರು ಮರೆತಿರಲಿಲ್ಲ. ಅವತ್ತು ಅವರು ಬಾಣಲೆ ಇಟ್ಟಾಗ ನಾನು ಅಡಿಗೆಮನೆಯಲ್ಲೇ ಇದ್ದೆ. ಎಣ್ಣೆ ಕಾಯುತ್ತಿರುವುದನ್ನು ನೋಡಿದೆ. ಅವರು ಅಂಗಳಕ್ಕೆ ಹೋದರು, ಸೊಸೆ ಇದ್ದಾಳಲ್ಲ ಅಂತ. ನಾನು ಮಷಿನ್ನಿಗೆ ಹೋದೆ, ಇಟ್ಟವರು ನೋಡಿಕೊಳ್ಳಲಿ ಅಂತ. ನೋಡ್ಕೋ ಅಂತ ಅವರು ಹೇಳಬೇಕಿತ್ತು, ಹೋಗ್ತಿದ್ದೀನಿ ಅಂತ ನಾನು ಹೇಳಬೇಕಿತ್ತು. ಮಾತು ಬಿಟ್ಟಿದ್ದೆವಲ್ಲ. ಯಾರು ಮೊದಲು ಬಾಯಿ ಬಿಟ್ಟರೆ ಅವರು ಸೋತ ಹಾಗೆ. ಬೆಂಕಿ ಹತ್ತಿದ್ದು ಹೀಗೆ.

ಈಗ ಕೆಲಸದ ವಿಷಯ ಕೇಳಿ. ಹಿಟ್ಟಿನಿಂದ ಪುಡಿಯೆಲ್ಲ ಎತ್ತಿ ಆಯಿತು. ಆಮೇಲೆ ಜಿಡ್ಡು. ತೆಳ್ಳಗೆ ಸೋಪಿನ ನೀರು, ಹಿಂಡಿ ಹಿಂಡಿ ಒಣಗಿದ ಹಾಗಿರುವ ಬಟ್ಟೆ, ಕೆಳಗಿನಿಂದ ಮೇಲಕ್ಕೆ ಒರೆಸಬೇಕು. ನಾನು ಉಲ್ಟಾ ಅಂದುಕೊಂಡಿದ್ದೆ. ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಒಣ ಜಾಗದ ಮೇಲೆ ಇಳಿದು ಗೆರೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ಕೆಳಗೆ ಮೊದಲೇ ಒದ್ದೆಯಾಗಿದ್ದರೆ ಇಳಿದ ನೀರು ನಿಲ್ಲದೆ ಹೋಗುತ್ತದೆ. ಕೀಲುಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇವೆ. ಬೆಳಗಿನ ಬಿಸಿಲು ಕಿಟಕಿಯಲ್ಲಿ ಬರುವಾಗ ಅವರು ಕನ್ನಡಕ ತೆಗೆದಿಟ್ಟು, ಬಾಗಿಲನ್ನು ಓರೆಯಾಗಿ ಹಿಡಿದು, ಬೆರಳಿನಿಂದ ಸವರುತ್ತಾರೆ. ಕಣ್ಣಿಗೆ ಕಾಣದ ಜಿಡ್ಡು ಅವರ ಬೆರಳಿಗೆ ಸಿಗುತ್ತದೆ. ನಾನು ಪಕ್ಕದಲ್ಲಿ ನಿಂತು ನೋಡುತ್ತಿರುತ್ತೇನೆ. ಬೇರೆ ಕೆಲಸ ಇಲ್ಲವಾ ಅಂತಾರೆ.

ಸುಟ್ಟ ಅಂಚನ್ನು ಕೆರೆಯುವ ಕೆಲಸ ಇವತ್ತು ನನಗೆ ಕೊಟ್ಟರು. ಇದ್ದಿಲಾದ ಭಾಗವನ್ನೆಲ್ಲ ತೆಗೆಯಬೇಕು, ಗಟ್ಟಿ ಮರ ಬಂದ ಕೂಡಲೇ ನಿಲ್ಲಿಸಬೇಕು. ಹೊಲಿಗೆ ಬಿಚ್ಚುವ ಹಾಗೆ ಸಣ್ಣ ಚಾಕುವಿನ ತುದಿಯಿಂದ ಕೆರೆದೆ. ಮುಗಿಸಿ ಕೊಟ್ಟಾಗ ಬೆರಳು ಆಡಿಸಿ, "ನಿನ್ನ ಕೈ ಚೆನ್ನಾಗಿದೆ" ಅಂದರು. ನಾನು ಕೇಳಿಸದವಳ ಹಾಗೆ ಒಳಗೆ ಹೋಗಿ, ನೀರು ಕುಡಿದು ಬಂದೆ.

ಭಾವನ ವಿಷಯ ಓದಿದೆ.

ನಿಮ್ಮವಳು


ಅಕ್ಟೋಬರ್ 20

ರೀ,

ಹದಿನಾರನೇ ತಾರೀಕಿನ ಕಾಗದ ಇವತ್ತು ಬಂತು. ಅದನ್ನು ಓದಿ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಸುತ್ತಿದೆ. ಪಾಪ, ಆಟ, ಹಲ್ಲು ಕಚ್ಚಿಕೊಂಡಿರು. ಯಾರು ಕೇಳಿದರು ನಿಮ್ಮ ಪಾಪವನ್ನು? ಮೈ ಕೈ ನೋವು ಅಂತ ಬರೆದರೆ ಕಷ್ಟ ಅಂತಲೇ ಅರ್ಥವೇ? ಹೊಸ ಅಂಗಿ ಹೊಲಿಯುವಾಗಲೂ ನನ್ನ ಬೆನ್ನು ನೋಯುತ್ತದೆ, ಅದಕ್ಕೆ ಮಷಿನ್ ಮಾರಿಬಿಡುತ್ತೀರಾ?

ನೇರವಾಗಿ ಬರೆಯುತ್ತೇನೆ. ನಿಮ್ಮ ಅಮ್ಮನಂಥ ಹೆಂಗಸನ್ನು ನಾನು ನೋಡಿಲ್ಲ.

ನಾನು ಕೆರೆದ ಕಡೆ ಅಂಚಿನಲ್ಲಿ ಹಳ್ಳ ಬಿದ್ದಿತ್ತು. ಅದಕ್ಕೆ ಮರದ ಪುಡಿ, ಅಂಟು ಕಲಸಿ ತುಂಬಿದರು. ಒಣಗಿದ ಮೇಲೆ ಸ್ಯಾಂಡ್‌ಪೇಪರಿನಲ್ಲಿ ತೀಡಿ ಮಟ್ಟ ಮಾಡಿದೆವು. ಮಟ್ಟವೇನೋ ಆಯಿತು, ಆದರೆ ಬೋಳು ತೇಪೆ. ಇಷ್ಟೇ ಆಗೋದು ಅಂದುಕೊಂಡು ನಾನು ಅಂಗಿಗಳ ಕಡೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಅವರು ಬಾಗಿಲನ್ನು ತೊಡೆಯ ಮೇಲಿಟ್ಟುಕೊಂಡು, ಮೂರು ಕೂದಲಿನ ಕುಂಚ ಹಿಡಿದು, ಆ ತೇಪೆಯ ಮೇಲೆ ಮರದ ಎಳೆಗಳನ್ನು ಬರೆಯುತ್ತಿದ್ದರು. ಈ ಕಡೆ ಬಂದು ನಿಂತ ಎಳೆ ತೇಪೆಯ ಮೇಲೆ ಹಾದು ಆ ಕಡೆ ಎಲ್ಲಿ ಸೇರಬೇಕೋ ಅಲ್ಲೇ ಸೇರಿತ್ತು. ಒಂದು ಕಡೆ ಸಣ್ಣ ಗಂಟನ್ನೂ ಬರೆದಿದ್ದರು. ಗಂಟು ಯಾಕೆ ಅಂದೆ. "ಪಕ್ಕದ ಎಳೆ ಬಾಗಿದೆ ನೋಡು. ಯಾವುದನ್ನೋ ಸುತ್ತಿಕೊಂಡು ಹೋಗೋಕೇ ಬಾಗಿರುತ್ತೆ. ಆ ಗಂಟು ಸುಟ್ಟು ಹೋಗಿದೆ, ವಾಪಸ್ ಕೊಟ್ಟೆ" ಅಂದರು.

ಬಡಗಿಯನ್ನು ಬೇಕಂತಲೇ ಕರೆದು ತೋರಿಸಿದೆ. ಯಾವ ಬಾಗಿಲು ಸುಟ್ಟಿತ್ತು ಅಂತ ಅವನೇ ನನ್ನನ್ನು ಕೇಳಿದ. ಹೇಳಲಿಲ್ಲ.

ನಾನು ನೀರು ಹಾಕಿ ಕೆಡಿಸಿದ ಬಾಗಿಲು ಇತ್ತಲ್ಲ, ಅದನ್ನು ಸಿಂಕಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ ಹಾಕಿ, ಅಲ್ಲಿದ್ದ ಚೆನ್ನಾಗಿರುವುದನ್ನು ಮೇಲೆ ತಂದಿದ್ದಾರೆ. ಒಂದು ಮಾತೂ ಆಡಿಲ್ಲ. ನಾನೇ ಕೀಲು ಹಾಕುವಾಗ ಕಂಡುಹಿಡಿದೆ. ನನ್ನ ಅಂಗಿಯ ತೋಳನ್ನೂ ಮತ್ತೊಮ್ಮೆ ಅಳೆದು ನೋಡಿದೆ. ಒಂದು ಬೆರಳು ಉದ್ದವೇ ಇತ್ತು. ಇದನ್ನು ನೀವು ಯಾರಿಗೂ ಹೇಳಬೇಡಿ.

ಈಗ ಬೇಡಿಕೊಳ್ಳುತ್ತಿದ್ದೇನೆ. ಭಾವನಿಗೆ ಬರಬೇಡಿ ಅಂತ ತಕ್ಷಣ ಬರೆಯಿರಿ. ಏನಾದರೂ ನೆಪ ಹೇಳಿ. ನಾನು ಬರೆದರೆ, ಕಳಿಸಿ ಅಂದವಳೂ ಇವಳೇ, ಬೇಡ ಅಂದವಳೂ ಇವಳೇ ಅಂತ ಅವರ ಮನೆಯಲ್ಲಿ ಮಾತಾಗಿ ಅದು ಅತ್ತೆಯ ಕಿವಿಗೆ ಬೀಳುತ್ತದೆ. ನಾನೇ ಅವರನ್ನು ಹೊರಗೆ ಹಾಕಲು ಹೊರಟಿದ್ದೆ ಅಂತ ಅವರಿಗೆ ಗೊತ್ತಾಗಬಾರದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ಅವರಿಗೆ ಗೊತ್ತಾದರೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ಅವರು ಹೋಗಿಬಿಟ್ಟರೆ ಈ ಕಪಾಟುಗಳ ಮುಂದೆ ನಾನು ಹೇಗೆ ನಿಂತು ಅಡಿಗೆ ಮಾಡಲಿ?

ಕೈ ಮುಗಿಯುತ್ತೇನೆ.

ನಿಮ್ಮವಳು


ಅಕ್ಟೋಬರ್ 26

ರೀ,

ಈ ಗುರುವಾರದ ದೋಣಿ ಹೋಗಲೇ ಇಲ್ಲವಂತೆ. ಅಂಚೆಯವರನ್ನು ಕೇಳಿದೆ, ಸಮುದ್ರ ಕೆಟ್ಟಿದೆ, ಚೀಲ ದಡದಲ್ಲೇ ಬಿದ್ದಿದೆ ಅಂದರು. ಅಂದರೆ ನನ್ನ ಎರಡು ಕಾಗದಗಳೂ ನಿಮಗೆ ಸಿಕ್ಕಿಲ್ಲ. ಇದೂ ಸಿಗುವುದಿಲ್ಲವೇನೋ. ಆದರೂ ಬರೆಯುತ್ತೇನೆ, ಬರೆಯದೆ ಇರಲಾರೆ.

ಪಾಲಿಶ್ ಶುರುವಾಗಿ ವಾರವಾಗುತ್ತಾ ಬಂತು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುತ್ತಿದ್ದೇವೆ. ಇದ್ದಿಲ ಚಿತ್ರ ಅಳಿಸದಿರಲಿ ಅಂತ ಅದನ್ನೇ ಕೊಳವೆಯಿಂದ ಚಿತ್ರದ ಮೇಲೆ ಊದುತ್ತಿದ್ದರಂತೆ ಶಾಲೆಯಲ್ಲಿ. ಇಲ್ಲಿ ಅದು ಹೊಗೆ ವಾಸನೆಯನ್ನು ಮರದೊಳಗೇ ಮುಚ್ಚಿಬಿಡುತ್ತದೆ. ಹಚ್ಚಲು ನಾನು ಹತ್ತಿಯ ಮೇಲೆ ಹಳೇ ಬಟ್ಟೆ ಕಟ್ಟಿ, ಹೊಲಿಗೆ ಮೇಲೆ ಬರದ ಹಾಗೆ ಉಂಡೆ ಮಾಡಿಕೊಟ್ಟೆ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಥದ್ದು ನನಗೆ ಕೆಲಸ ಮಾಡೋವಾಗ ಯಾರೂ ಮಾಡಿಕೊಡಲಿಲ್ಲ ಅಂದರು.

ಮೂರು ಕೋಟ್ ಆದ ದಿನ ಕಪಾಟು ಕನ್ನಡಿಯ ಹಾಗಿತ್ತು. ಮುಗಿಯಿತು ಅಂದುಕೊಂಡೆ. ಇನ್ನೊಂದು ಹಾಕೋಣ ಅಂದರು. ಅದೂ ಆಯಿತು. ಇವತ್ತು ಐದನೆಯದು. ಸ್ಪಿರಿಟ್ ವಾಸನೆ ಹೋಗುವ ತನಕ ಒಳಗೆ ಒಲೆ ಹಚ್ಚುವಂತಿಲ್ಲ, ಅಂಗಳದಲ್ಲೇ ಊಟ. ಅಲ್ಲಿ ಕೂತು ಇಬ್ಬರೂ ತಿನ್ನುವಾಗ ಹೇಳಿಬಿಡಬೇಕು ಅಂತ ದಿನವೂ ಬಾಯಿ ತೆರೆಯುತ್ತೇನೆ. ಉಪ್ಪು ಸಾಕಾ ಅಂತ ಕೇಳಿ ಮುಚ್ಚುತ್ತೇನೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿರುತ್ತಾರೆ.

ಇನ್ನು ನಾಲ್ಕು ದಿನ.


ಅಕ್ಟೋಬರ್ 28

ಚಿನಕುರಳಿ,

ಇವತ್ತು ಸಮುದ್ರ ಸ್ವಲ್ಪ ಶಾಂತವಾಗಿ ದೋಣಿ ಬಂತು. ನಿನ್ನ ಎರಡು ಕಾಗದ ಒಟ್ಟಿಗೆ ಸಿಕ್ಕಿದವು, ಹದಿನೇಳರದ್ದು, ಇಪ್ಪತ್ತರದ್ದು. ಮೊದಲನೆಯದನ್ನು ಓದಿದಾಗಲೇ ಅನುಮಾನ ಬಂತು. ಭಾವನ ವಿಷಯ ಓದಿದೆ ಅಂತ ಒಂದೇ ಸಾಲು. ನೀನು ಒಂದೇ ಸಾಲಿನಲ್ಲಿ ಮುಗಿಸುವವಳಲ್ಲ.

ನಾನು ಹೆಡ್ಡ. ನಿನ್ನ ಸಿಟ್ಟನ್ನು ಮಾತ್ರ ಓದಿದೆ, ಉಳಿದದ್ದು ಓದಲಿಲ್ಲ. ಅಮ್ಮನ ಕೈ ಸುಟ್ಟದ್ದು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಗಂಟಿನ ವಿಷಯ ಓದಿ ಜೊತೆಗಾರನನ್ನು ಎಬ್ಬಿಸಿ ಓದಿ ಹೇಳಿದೆ. ಆ ಬಾಗಿಲು ಮಾಡುವಾಗ ಆ ಗಂಟನ್ನು ತಪ್ಪಿಸಿ ಉಳಿ ಆಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ನಿಜವಾಗಿಯೂ ಒಂದು ಗಂಟಿತ್ತು. ಅಮ್ಮ ಅದನ್ನು ಎಳೆ ನೋಡಿಯೇ ಹೇಳಿದಳಲ್ಲ.

ನಿನ್ನ ಕೈ ಚೆನ್ನಾಗಿದೆ ಅಂದಳು ಅಂತ ಬರೆದಿದ್ದೀಯ. ನನಗೆ ಹೊಟ್ಟೆಕಿಚ್ಚು ಅಂದರೆ ನಂಬು.

ಆದರೆ ಈ ಕಾಗದ ಮೂವತ್ತರೊಳಗೆ ನಿನಗಾಗಲಿ ಅಣ್ಣನಿಗಾಗಲಿ ತಲುಪುವುದಿಲ್ಲ. ಇಲ್ಲಿನ ವೈರ್‌ಲೆಸ್ಸಿನಲ್ಲಿ ಗಾಳಿ, ಅಲೆ, ಹಡಗು ಬಿಟ್ಟರೆ ಮನೆ ಮಾತು ಕಳಿಸಲು ಬಿಡುವುದಿಲ್ಲ, ಕೇಳಿ ನೋಡಿದೆ, ಬೈಸಿಕೊಂಡೆ. ಹಾಗಾಗಿ ನನ್ನ ಕೈಯಲ್ಲಿ ಏನೂ ಇಲ್ಲ. ನೀನೇ ಹೇಳಬೇಕು. ಅಣ್ಣನಿಗಲ್ಲ, ಅಮ್ಮನಿಗೆ. ಹೇಳುತ್ತೀಯ ಅಂತ ನನಗೆ ನಂಬಿಕೆಯಿದೆ. ಹೇಳದಿದ್ದರೂ ನಿನ್ನ ಮೇಲೆ ಬೇಜಾರಿಲ್ಲ, ಶುರು ಮಾಡಿದವನು ನಾನೂ ಹೌದು.

ನಿನ್ನವನು


ಅಕ್ಟೋಬರ್ 31

ರೀ,

ನಿಮ್ಮ ಇಪ್ಪತ್ತೆಂಟರ ಕಾಗದ ಈಗ ತಾನೇ ಬಂತು. ಭಾವ ನಿನ್ನೆ ಬಂದರು.

ಬೆಳಿಗ್ಗೆ ಕಾರಿನ ಶಬ್ದ ಕೇಳಿದಾಗ ನಾನು ಅಂಗಳದಲ್ಲಿ ಸ್ಟೌ ಮೇಲೆ ಟೀ ಕಾಯಿಸುತ್ತಿದ್ದೆ. ಭಾವ ಒಳಗೆ ಬಂದು, ಅಡಿಗೆಮನೆ ಬಾಗಿಲಲ್ಲಿ ನಿಂತು, "ಬೆಂಕಿ ಬಿದ್ದಿದ್ದು ಈ ಮನೆಗೇನಾ?" ಅಂದರು. ಆಮೇಲೆ, "ಅಮ್ಮ ರೆಡಿನಾ?" ಅಂದರು. ನಾನು ಏನಾದರೊಂದು ಸುಳ್ಳು ಹುಡುಕುತ್ತಿದ್ದೆ. ಜ್ವರ ಅನ್ನಲೇ, ಕಾಲು ನೋವು ಅನ್ನಲೇ. ಅಷ್ಟರಲ್ಲಿ ಅತ್ತೆ ಕೋಣೆಯಿಂದ ಹೊರಗೆ ಬಂದರು. ಕೈಯಲ್ಲಿ ಚೀಲ. ಬಟ್ಟೆ ಎಲ್ಲ ತುಂಬಿ, ಮೇಲೆ ಕುಂಚಗಳನ್ನು ಕಾಗದದಲ್ಲಿ ಸುತ್ತಿಟ್ಟಿದ್ದರು.

ನಿಮಗೆ ಹೇಗೆ ಗೊತ್ತು ಅಂತ ಬಾಯಿಂದ ಹೊರಟೇ ಹೋಯಿತು. ಭಾವನೇ ಉತ್ತರ ಕೊಟ್ಟರು. "ನಾನೇ ಅಮ್ಮನಿಗೆ ಬರೆದಿದ್ದೆನಲ್ಲಮ್ಮ, ಹದಿನಾಲ್ಕಕ್ಕೇ. ನಿನಗೂ ಅಮ್ಮನಿಗೂ ಆಗ್ತಿಲ್ಲವಂತೆ, ಕರ್ಕೊಂಡು ಹೋಗ್ತೀನಿ ಅಂತ. ಸರಿ ಬರ್ತೀನಿ ಅಂತ ಅಮ್ಮ ಉತ್ತರಾನೂ ಹಾಕಿದ್ಲು."

ಹದಿನಾಲ್ಕಕ್ಕೆ ಬರೆದದ್ದು ಹದಿನಾರಕ್ಕಾದರೂ ಅತ್ತೆಯ ಕೈ ಸೇರಿರಬೇಕು. ಹದಿನೇಳಕ್ಕೆ ನನ್ನ ಕೈ ಚೆನ್ನಾಗಿದೆ ಅಂದವರು ಇವರು. ನನ್ನ ಕೆಟ್ಟ ಬಾಗಿಲನ್ನು ಬಚ್ಚಿಟ್ಟವರು, ಆ ಗಂಟು ಬರೆದವರು, ದಿನವೂ ನನ್ನ ಎದುರು ಕೂತು ಊಟ ಮಾಡಿದವರು. ಎಲ್ಲ ಗೊತ್ತಿಟ್ಟುಕೊಂಡೇ. ಇನ್ನು ಇವರು ನಿಲ್ಲದ ಮನೆಯ ಕಪಾಟಿಗೆ, ಇವರನ್ನು ಬೇಡ ಅಂದವಳ ಅಡಿಗೆಮನೆಗೆ, ಸುಟ್ಟ ಕೈಯಲ್ಲಿ ಪಾಲಿಶ್ ಹಚ್ಚುತ್ತಿದ್ದರು.

"ಬಾ, ಒಪ್ಪಿಸ್ತೀನಿ" ಅಂದು ನನ್ನನ್ನು ಒಳಗೆ ಕರೆದರು. ಪಾಠ ಒಪ್ಪಿಸುವ ಹಾಗೆ ಒಂದೊಂದು ಬಾಗಿಲನ್ನೂ ತೆರೆದು ಮುಚ್ಚಿ ತೋರಿಸಿದರು. ನೀವು ಮಾಡಿದಾಗಿನಿಂದ ಸರಿಯಾಗಿ ಕೂರದೆ ಇದ್ದ ಎಡಗಡೆಯ ಬಾಗಿಲೂ ಸದ್ದಿಲ್ಲದೆ ಕೂತಿತು. "ಒಂದು ವಾರ ಒದ್ದೆ ಬಟ್ಟೆ ಮುಟ್ಟಿಸಬೇಡ. ಎಣ್ಣೆ ಕಾಯೋವಾಗ ಅಲ್ಲೇ ನಿಂತಿರು" ಅಂದರು. ಭಾವ ಚೀಲ ಎತ್ತಿಕೊಂಡರು.

ನಾನು ಚೀಲದ ಇನ್ನೊಂದು ಹಿಡಿ ಹಿಡಿದುಕೊಂಡೆ. ಹಿರಿಯರ ಎದುರು ಹಾಗೆ ಮಾಡುವುದಲ್ಲ, ಗೊತ್ತು. "ಅತ್ತೆ, ಕಳಿಸಿಬಿಡಿ ಅಂತ ಬರೆದವಳು ನಾನೇ. ನಿಮ್ಮ ಮಗನ ತಪ್ಪಿಲ್ಲ. ಎಣ್ಣೆ ಕಾಯ್ತಿದ್ದಿದ್ದೂ ನೋಡಿದ್ದೆ. ಹೋಗಬೇಡಿ. ನಾನು ಬಾಯಿ ಬಿಟ್ಟು ಕೇಳ್ತಿದ್ದೀನಿ, ಹೋಗಬೇಡಿ. ನೀವಿಲ್ಲದೆ ನನ್ನ ಕೈಲಿ ಆಗಲ್ಲ" ಅಂದೆ. ಇನ್ನೂ ಏನೇನೋ ಅಂದೆ, ನೆನಪಿಲ್ಲ. ಮೂಗು, ಕಣ್ಣು ಎಲ್ಲ ಸುರಿಯುತ್ತಿತ್ತು.

ಅತ್ತೆ ಕನ್ನಡಕ ತೆಗೆದು ನನ್ನನ್ನು ನೋಡಿದರು. ಭಾವನ ಕೈಯಿಂದ ಚೀಲ ತೆಗೆದು ನನ್ನ ಕೈಗೆ ಕೊಟ್ಟರು.

"ಮೂರು ಕೋಟ್ ಪಾಲಿಶಿಗೇ ಕೆಲಸ ಮುಗಿದಿತ್ತು ಕಣೇ" ಅಂದರು. "ಆಮೇಲಿಂದು ನಿನಗೆ ಬಾಯಿ ಬರಲಿ ಅಂತ ಹಚ್ಚಿದ್ದು. ಅರಗೂ ಮುಗೀತು, ನಿನಗೆ ಬಾಯಿ ಬರಲಿಲ್ಲ. ಚೀಲ ಕಟ್ಟಬೇಕಾಯ್ತು."

ನಾನು ಅವರ ಹೆಗಲ ಮೇಲೆ ಮುಖ ಇಟ್ಟೆ. ನೂಕಲಿಲ್ಲ.

ಭಾವ ಟೀ ಕುಡಿದು, ಮಧ್ಯಾಹ್ನ ಊಟ ಮಾಡಿ, ಕಾರಿನಲ್ಲಿ ಒಬ್ಬರೇ ಹೋದರು. ನಿಮಗೆ ಹೇಳಬೇಕಾದ್ದು ಇಷ್ಟೇ. ಅತ್ತೆ ನನ್ನ ಜೊತೆ ಇರುತ್ತಾರೆ.

ನಿಮ್ಮವಳು